ಭೋಗ್ಯದ ಅವಧಿ ವಿಸ್ತರಣೆ: ಹಾಸನದ ಒಬ್ಬ ಪತ್ರಬರಹಗಾರರ ಸೇವೆಯ ಬಗ್ಗೆ

ಹಾಸನದ ವಿದ್ಯಾನಗರದಲ್ಲಿ ನಾವು ಭೋಗ್ಯಕ್ಕೆ ಪಡೆದು ವಾಸವಾಗಿರುವ ಮನೆಯ ಅವಧಿಯನ್ನು 2025ರ ಜುಲೈ ತಿಂಗಳಿನಲ್ಲಿ ಇನ್ನೂ ಮೂರು ವರ್ಷಕ್ಕೆ ಮುಂದುವರಿಸಿಕೊಂಡೆವು. ಆ ಕೆಲಸ ಮಾಡಿಕೊಟ್ಟವರು ಸಾಲಗಾಮೆ ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿ ಇಟ್ಟುಕೊಂಡಿರುವ ಪತ್ರಬರಹಗಾರರು. ತಮ್ಮ ಹೆಸರು ಹಾಕುವುದು ಬೇಡವೆಂದು ಅವರೇ ಕೇಳಿಕೊಂಡದ್ದರಿಂದ ಇಲ್ಲಿ ಹಾಕಿಲ್ಲ. ಆದರೆ ಅವರು ಮಾಡಿದ ಕೆಲಸ ಎಂಥದ್ದು, ಅದರಲ್ಲಿ ಯಾವುದು ಚೆನ್ನಾಗಿತ್ತು, ಯಾವುದು ಚೆನ್ನಾಗಿರಲಿಲ್ಲ ಎಂಬುದನ್ನು ವಿವರವಾಗಿ ಬರೆಯಬೇಕೆನಿಸಿದೆ. ನಮ್ಮ ಊರಿನಲ್ಲಿ ಭೋಗ್ಯದ ಮನೆಯಲ್ಲಿರುವ ನೂರಾರು ಕುಟುಂಬಗಳು ನಾವು ಇಷ್ಟು ದಿನ ಮಾಡಿದ್ದನ್ನೇ ಮಾಡುತ್ತಿವೆ ಎಂದು ನನಗೆ ಈಗ ಗೊತ್ತಾಗಿದೆ.

ನಾವು ಈ ಮನೆಗೆ ಬಂದದ್ದು 2021ರ ಜುಲೈ ಮೊದಲ ವಾರ, ಆಷಾಢ ಹಿಡಿಯುವುದಕ್ಕೆ ಮುಂಚೆ. ಆರು ಲಕ್ಷ ರೂಪಾಯಿ ಭೋಗ್ಯ, ಬಾಡಿಗೆ ಇಲ್ಲ, ನೀರು ಮತ್ತು ಕರೆಂಟು ನಮ್ಮದು. ನನ್ನ ಯಜಮಾನರ ಭವಿಷ್ಯನಿಧಿಯಿಂದ ತೆಗೆದದ್ದು ನಾಲ್ಕು ಲಕ್ಷ, ಉಳಿದ ಎರಡು ಲಕ್ಷ ನನ್ನ ಒಡವೆಯನ್ನು ಅಡವಿಟ್ಟು ಹೊಂದಿಸಿದ್ದು. ಆಗ ಕರಾರು ಬರೆಸಿದ್ದು ಬೇರೆ ಕಡೆ. ಅಲ್ಲಿ ಹನ್ನೊಂದು ತಿಂಗಳಿಗೆ ಒಂದು ಪತ್ರ ಟೈಪು ಮಾಡಿ, ನೋಟರಿಯವರ ಮೊಹರು ಹಾಕಿಸಿ, ಅರ್ಧ ಗಂಟೆಯಲ್ಲಿ ಕೈಗೆ ಕೊಟ್ಟಿದ್ದರು. 2022ರ ಜೂನ್‌ನಲ್ಲಿ ಅವಧಿ ಮುಗಿದಾಗ ಅದೇ ಪತ್ರದ ಹಿಂಬದಿಯಲ್ಲಿ 'ಉಭಯತ್ರರು ಒಪ್ಪಿ ಎರಡು ವರ್ಷಕ್ಕೆ ಮುಂದುವರಿಸಿರುತ್ತೇವೆ' ಎಂದು ಷರಾ ಬರೆದು ಇಬ್ಬರೂ ರುಜು ಹಾಕಿದೆವು. 2024ರಲ್ಲಿ ಅದರ ಕೆಳಗೆ ಇನ್ನೊಂದು ಷರಾ, ಒಂದು ವರ್ಷಕ್ಕೆ. ಅದು ಮುಗಿಯುವುದು 2025ರ ಜೂನ್ 4ಕ್ಕೆ. ಮಗಳು ದ್ವಿತೀಯ ಪಿಯುಸಿಯಲ್ಲಿದ್ದಳು. ಮುಂದೆ ಆಷಾಢ ಬರುವುದಿತ್ತು, ಆ ತಿಂಗಳಲ್ಲಿ ನಮ್ಮ ಕಡೆ ಯಾರೂ ಮನೆ ಬದಲಿಸುವುದಿಲ್ಲ. ಹಾಗಾಗಿ ಇನ್ನೂ ಮೂರು ವರ್ಷ ಇಲ್ಲೇ ಇರುವುದೆಂದು ತೀರ್ಮಾನಿಸಿದೆವು. ಬೆಂಗಳೂರಿನಲ್ಲಿರುವ ಮನೆಯ ಮಾಲೀಕರು ಒಂದು ಲಕ್ಷ ಹೆಚ್ಚು ಕೇಳಿದರು, ನಾವು ಒಪ್ಪಿದೆವು. ಮೂರನೆಯ ಷರಾ ಬರೆಸಿದರೆ ಆಯಿತೆಂದುಕೊಂಡು, ಸಹೋದ್ಯೋಗಿಯೊಬ್ಬರು ಹೇಳಿದ ಈ ಕಚೇರಿಗೆ ಮೇ ತಿಂಗಳ ಮೂರನೆಯ ವಾರ ಹೋದೆ.

ಅವರು ಪತ್ರವನ್ನು ತೆಗೆದುಕೊಂಡು ಮೊದಲು ಹಿಂಬದಿಯನ್ನೇ ನೋಡಿದರು. ನೀಲಿ ಶಾಯಿಯ ಒಂದು ಷರಾ, ಕಪ್ಪು ಶಾಯಿಯ ಇನ್ನೊಂದು ಷರಾ, ಅವುಗಳ ನಡುವೆ ನೋಟರಿಯ ಮೊಹರಿನ ಕೆಂಪು ಹಿಂಬದಿಗೆ ಇಳಿದು ಮಾಲೀಕರ ರುಜುವಿನ ಅರ್ಧ ಭಾಗ ಕಾಣದಂತಾಗಿತ್ತು. ಮಡಿಕೆಯ ಜಾಗದಲ್ಲಿ ಕಾಗದ ಸವೆದು, 'ಆರು ಲಕ್ಷ' ಎಂಬ ಮಾತಿನಲ್ಲಿ 'ಆರು' ಹರಿದುಹೋಗುವುದರಲ್ಲಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದ ಮಾತು ಇದು: "ಅಮ್ಮಾ, ಇದರ ಹಿಂದೆ ಇನ್ನೊಂದು ಷರಾ ಬರೆದುಕೊಟ್ಟರೆ ನನಗೆ ಐನೂರು ರೂಪಾಯಿ ಬರುತ್ತೆ, ನಿಮಗೆ ಏನೂ ಬರಲ್ಲ. ನಾನು ಬರೆಯಲ್ಲ." ಕೆಲಸ ಹುಡುಕಿಕೊಂಡು ಬಂದ ಗಿರಾಕಿಗೆ ಹೀಗೆ ಹೇಳುವವರು ಕಡಿಮೆ. ಈ ವಿಮರ್ಶೆ ಬರೆಯಲು ಮೊದಲ ಕಾರಣ ಅದೇ.

ಅವರು ಮುಕ್ಕಾಲು ಗಂಟೆ ಕೂತು ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆ ನೋಂದಾಯಿತ ಪತ್ರದ ಮೂಲಕವೇ ಆಗಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಮು ಹೇಳುತ್ತದೆ. 1908ರ ನೋಂದಣಿ ಕಾಯ್ದೆಯ 17ನೇ ಕಲಮು ಅಂಥ ಪತ್ರದ ನೋಂದಣಿಯನ್ನು ಕಡ್ಡಾಯ ಮಾಡುತ್ತದೆ. ಎಲ್ಲರೂ ಹನ್ನೊಂದು ತಿಂಗಳೆಂದು ಬರೆಸುವುದು ಈ ಗೆರೆಯನ್ನು ದಾಟದಿರಲು. ಮೊದಲ ಪತ್ರಕ್ಕೆ ಅದು ಸರಿಯೇ ಇತ್ತು. ಆದರೆ ಅದರ ಬೆನ್ನಿಗೆ ಎರಡು ವರ್ಷವೆಂದು ಷರಾ ಬರೆದಾಗ ನಾವು ಗೆರೆ ದಾಟಿದ್ದೆವು, ನೋಂದಣಿ ಮಾತ್ರ ಮಾಡಿಸಿರಲಿಲ್ಲ. ನೋಟರಿಯವರ ಮೊಹರು ನೋಂದಣಿಯ ಜಾಗವನ್ನು ತುಂಬುವುದಿಲ್ಲ. ನೋಟರಿಯವರ ಎದುರಿಗೆ ಇಂಥವರು ರುಜು ಹಾಕಿದರು ಎಂಬುದಕ್ಕಷ್ಟೇ ಅದು ಸಾಕ್ಷಿ. ನೋಂದಣಿಯಾಗದ ಇಂಥ ಪತ್ರವನ್ನು ಅವಧಿಯ ಹಕ್ಕು ಸಾಧಿಸಲು ನ್ಯಾಯಾಲಯದಲ್ಲಿ ಬಳಸಲಾಗದು. ಆಗ ವಾಸದ ಮನೆಯ ಗುತ್ತಿಗೆಯನ್ನು ತಿಂಗಳಿಂದ ತಿಂಗಳಿಗೆ ನಡೆಯುವ ಗುತ್ತಿಗೆಯೆಂದು ಭಾವಿಸಲು, ಹದಿನೈದು ದಿನಗಳ ನೋಟಿಸು ಕೊಟ್ಟು ಬಿಡಿಸಲು ದಾರಿಯಾಗುತ್ತದೆ. ಎರಡು ವರ್ಷ ಭದ್ರವಾಗಿದ್ದೇವೆಂದು ನಂಬಿ ನಾವು ಅಡುಗೆಮನೆಗೆ ಕಪಾಟು ಮಾಡಿಸಿದ್ದೆವು, ಮಗಳನ್ನು ಹತ್ತಿರದ ಕಾಲೇಜಿಗೆ ಸೇರಿಸಿದ್ದೆವು. ಕಾನೂನಿನ ಲೆಕ್ಕದಲ್ಲಿ ನಮ್ಮ ಕೈಯಲ್ಲಿದ್ದದ್ದು ಹದಿನೈದು ದಿನ.

ಹಾಗೆಂದು ಆ ಷರಾಗಳನ್ನು ಅವರು ಕಸವೆನ್ನಲಿಲ್ಲ. ನಾನು ಹಳೆಯ ಪತ್ರವನ್ನು ಹರಿದುಹಾಕಬೇಕೇ ಎಂದು ಕೇಳಿದಾಗ ಅವರು ಗಾಬರಿಯಿಂದ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. ಭೋಗ್ಯದ ಹಣ ಮಾಲೀಕರಿಗೆ ಸಂದಿದೆ, ಅದನ್ನು ಅವರು ಹಿಂದಿರುಗಿಸಬೇಕು ಎಂಬುದಕ್ಕೆ ಮಾಲೀಕರ ರುಜುವುಳ್ಳ ಪ್ರತಿಯೊಂದು ಬರಹವೂ ಒಪ್ಪಿಗೆಯಂತೆ. ಸಾಲದ ಹಣ ವಸೂಲಿಗೆ 1963ರ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ಮೂರು ವರ್ಷ ಕೊಡುತ್ತದೆ. ಆ ಮೂರು ವರ್ಷ ಮುಗಿಯುವ ಮೊದಲು ಕೊಡಬೇಕಾದವರು ಬರವಣಿಗೆಯಲ್ಲಿ ಒಪ್ಪಿ ರುಜು ಹಾಕಿದರೆ ಕಾಲದ ಲೆಕ್ಕ ಅಂದಿನಿಂದ ಹೊಸದಾಗಿ ಶುರುವಾಗುತ್ತದೆ. ಮನೆಯಲ್ಲಿರುವ ಹಕ್ಕಿಗೆ ಷರಾ ಆಸರೆಯಾಗದಿದ್ದರೂ ದುಡ್ಡಿನ ಹಕ್ಕಿಗೆ ಅದರಿಂದ ಬಲವಿದೆ. ಆದ್ದರಿಂದ ಹಳೆಯ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹೊಸ ಪತ್ರದ ಜೊತೆ ಜೋಪಾನ ಮಾಡಿ ಎಂದರು. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ನಾನು ಮೊದಲು ಎಲ್ಲೂ ಕೇಳಿರಲಿಲ್ಲ.

ಎರಡನೆಯ ಭೇಟಿಗೆ ಅವರು ತರಹೇಳಿದ್ದು ಮನೆಯ ಇ-ಖಾತೆ, ಪ್ರಸಕ್ತ ಸಾಲಿನ ಕಂದಾಯದ ರಸೀದಿ, ಮಾಲೀಕರ ಕ್ರಯಪತ್ರದ ನಕಲು ಮತ್ತು ಎರಡೂ ಕಡೆಯವರ ಗುರುತಿನ ಚೀಟಿ. ಇ.ಸಿ.ಯನ್ನು, ಅಂದರೆ ಮನೆಯ ಮೇಲೆ ನೋಂದಣಿಯಾದ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರವನ್ನು ಮಾತ್ರ ತಾವೇ ತೆಗೆಸುತ್ತೇವೆಂದರು. 'ನಾವೇನು ಮನೆ ಕೊಂಡುಕೊಳ್ಳುತ್ತಿದ್ದೇವೆಯೇ, ಭೋಗ್ಯಕ್ಕೆ ಇ.ಸಿ. ಏಕೆ' ಎಂದು ನನ್ನ ಯಜಮಾನರು ಕೇಳಿದರು. ಅವರು ಉತ್ತರ ಕೊಡದೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಇಲ್ಲಿಯವರೆಗಿನ ಇ.ಸಿ.ಗೆ ಅರ್ಜಿ ಹಾಕಿದರು.

ಇ.ಸಿ. ಬಂದ ದಿನ ಅವರೇ ಫೋನು ಮಾಡಿ ಕರೆದರು. ಮೂರು ಪುಟಗಳ ಆ ಕಾಗದದ ಕೊನೆಯ ನಮೂದಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. 2023ರಲ್ಲಿ, ಅಂದರೆ ನಾವು ಅದೇ ಮನೆಯಲ್ಲಿ ಕುಳಿತು ಊಟ ಮಾಡುತ್ತಿದ್ದಾಗಲೇ, ಮಾಲೀಕರು ಮನೆಯ ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಸಾಲ ಪಡೆದಿದ್ದರು. ಆ ಸಾಲು ಓದಿದಾಗ ನನ್ನ ಎದೆ ಹೊಡೆದುಕೊಂಡದ್ದು ಈಗಲೂ ನೆನಪಿದೆ. ಬ್ಯಾಂಕಿನ ಸಾಲ ಕಟ್ಟದೆ ಹೋದರೆ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕು ಸಿವಿಲ್ ದಾವೆ ಹೂಡದೆಯೇ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಹರಾಜು ಹಾಕಬಲ್ಲದು. ನೋಂದಣಿಯಾಗದ ಪತ್ರ ಹಿಡಿದ ಭೋಗ್ಯದಾರರು ಆಗ ಬ್ಯಾಂಕಿನ ಎದುರು ನಿಲ್ಲುವುದು ಬಹಳ ಕಷ್ಟ. ಬೆಂಗಳೂರಿನಲ್ಲಿ ಭೋಗ್ಯದ ಹಣ ಕೊಟ್ಟ ಕುಟುಂಬಗಳು ಮನೆಯ ಬಾಗಿಲಿಗೆ ಬ್ಯಾಂಕಿನ ನೋಟಿಸು ಬಿದ್ದ ಮೇಲೆ ವಿಷಯ ತಿಳಿದುಕೊಂಡ ಸುದ್ದಿಯನ್ನು ನಾವು ಪೇಪರಿನಲ್ಲಿ ಓದಿದ್ದೆವು. ಅದು ದೊಡ್ಡ ಊರಿನ ಮಾತೆಂದುಕೊಂಡಿದ್ದೆವು.

ಮಾಲೀಕರನ್ನು ದೂರುವುದು ನನ್ನ ಉದ್ದೇಶವಲ್ಲ. ಕೇಳಿದಾಗ ಅವರು ಮುಚ್ಚಿಡಲಿಲ್ಲ. ಮಗನ ಓದಿಗೆಂದು ತೆಗೆದ ಸಾಲವದು, ಹಿಂದಿನ ವರ್ಷವೇ ತೀರಿಸಿದ್ದೇನೆ, ಪತ್ರಗಳೂ ಕೈಗೆ ಬಂದಿವೆ ಎಂದರು. ಸಾಲ ತೀರಿತ್ತು, ಆದರೆ ಋಣಮುಕ್ತಿಯ ಪತ್ರ ನೋಂದಣಿಯಾಗಿರಲಿಲ್ಲ. ಹಾಗಾಗಿ ಇ.ಸಿ.ಯಲ್ಲಿ ಸಾಲ ಇನ್ನೂ ಬದುಕಿತ್ತು. ಇಲ್ಲಿ ಪತ್ರಬರಹಗಾರರು ನಡೆದುಕೊಂಡ ರೀತಿಯನ್ನು ನಾನು ಮೆಚ್ಚುತ್ತೇನೆ. ಅವರು ಮಾಲೀಕರನ್ನು ಕಳ್ಳರಂತೆ ಕಾಣಲಿಲ್ಲ, ನಮ್ಮನ್ನು ಹೆದರಿಸಲೂ ಇಲ್ಲ. "ಸ್ವಾಮಿ, ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ತಂದು ಋಣಮುಕ್ತಿ ನೋಂದಣಿ ಮಾಡಿಸಿಬಿಡಿ. ನಾಳೆ ನೀವು ಮನೆ ಮಾರಬೇಕೆಂದರೂ ಅದು ಬೇಕೇ ಬೇಕು. ಇವರಿಗಾಗಿ ಅಂತಲ್ಲ, ನಿಮಗಾಗಿ" ಎಂದು ಫೋನಿನಲ್ಲಿ ಹೇಳಿದರು. ಮಾಲೀಕರಿಗೆ ಆ ಮಾತು ಹಿಡಿಸಿತು. ಬ್ಯಾಂಕಿನ ಓಡಾಟಕ್ಕೆ ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಜೂನ್ 4 ಕಳೆದುಹೋಯಿತು. ಆತಂಕದಿಂದ ನಾನು ಎರಡು ಸಲ ಕಚೇರಿಗೆ ಹೋದೆ. ಹೊಸ ಇ.ಸಿ.ಯಲ್ಲಿ ಋಣಮುಕ್ತಿಯ ನಮೂದು ಕಾಣುವವರೆಗೆ ಒಂದು ರೂಪಾಯಿಯನ್ನೂ ವರ್ಗಾಯಿಸಬೇಡಿ ಎಂಬ ತಮ್ಮ ಮಾತಿನಿಂದ ಅವರು ಸರಿಯಲಿಲ್ಲ.

ಪತ್ರದ ಸ್ವರೂಪದ ಬಗ್ಗೆಯೂ ಅವರು ನಮ್ಮ ಮುಂದೆ ಆಯ್ಕೆಗಳನ್ನಿಟ್ಟರು. ನಾವು ಭೋಗ್ಯವೆನ್ನುವ ವ್ಯವಹಾರವನ್ನು ಸ್ವಾಧೀನ ಸಹಿತ ಅಡಮಾನವಾಗಿಯೂ ಬರೆಯಬಹುದು, ಮುಂಗಡದ ಗುತ್ತಿಗೆಯಾಗಿಯೂ ಬರೆಯಬಹುದು. ಅಡಮಾನವಾದರೆ ಹಣಕ್ಕೆ ಮನೆಯೇ ಆಧಾರವಾಗುವುದರಿಂದ ನಮಗೆ ಭದ್ರತೆ ಹೆಚ್ಚು. ಆದರೆ ಅದಕ್ಕೆ ಮುದ್ರಾಂಕ ಶುಲ್ಕ ಬಹಳ ಹೆಚ್ಚು, ಮಾಲೀಕರು ಒಪ್ಪುವುದೂ ಕಷ್ಟ. ಗುತ್ತಿಗೆಯಾದರೆ ಶುಲ್ಕ ಹಗುರ, ಆದರೂ ಅದನ್ನು ಬಾಡಿಗೆಯ ಮೇಲಷ್ಟೇ ಅಲ್ಲದೆ ಮುಂಗಡದ ಮೇಲೂ ಲೆಕ್ಕ ಹಾಕುತ್ತಾರೆ. ಕಡಿಮೆ ಶುಲ್ಕ ಕಟ್ಟಿ ಜಾರಿಕೊಂಡರೆ, ಮುಂದೆ ಎಂದಾದರೂ ಪತ್ರ ನ್ಯಾಯಾಲಯಕ್ಕೆ ಬಂದಾಗ ಕೊರತೆಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ದಂಡ ತೆರಬೇಕಾಗುತ್ತದೆ ಎಂದು 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯನ್ನು ಉಲ್ಲೇಖಿಸಿದರು. ಮಾಲೀಕರೂ ನಾವೂ ಮಾತಾಡಿಕೊಂಡು ಮೂರು ವರ್ಷದ ನೋಂದಾಯಿತ ಗುತ್ತಿಗೆಯನ್ನು ಆರಿಸಿಕೊಂಡೆವು. ಖರ್ಚನ್ನು ಅರ್ಧರ್ಧ ಹಂಚಿಕೊಂಡೆವು.

ಕರಡು ಬರೆದ ರೀತಿ ಅಚ್ಚುಕಟ್ಟು. ಹಳೆಯ ಆರು ಲಕ್ಷವನ್ನು 'ಈಗಾಗಲೇ ಸಂದಾಯವಾಗಿದೆ' ಎಂದು ಒಂದೇ ಸಾಲಿನಲ್ಲಿ ಮುಗಿಸದೆ, 2021ರ ಪತ್ರದ ದಿನಾಂಕ, ಎರಡೂ ಷರಾಗಳ ದಿನಾಂಕ, ಚೆಕ್ಕಿನ ನಂಬರು ಇವನ್ನೆಲ್ಲ ಸೇರಿಸಿ ಆ ಹಣವೇ ಈ ಪತ್ರಕ್ಕೆ ಮುಂದುವರಿದಿದೆ ಎಂದು ಬರೆದರು. ಹೆಚ್ಚುವರಿ ಒಂದು ಲಕ್ಷವನ್ನು ನಗದಾಗಿ ಕೊಡಲು ಬಿಡಲಿಲ್ಲ. 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸಾಲ ಅಥವಾ ಠೇವಣಿಯನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ತಡೆಯುತ್ತದೆ, ಅಲ್ಲದೆ ಬ್ಯಾಂಕಿನ ಮೂಲಕ ಹೋದ ಹಣಕ್ಕೆ ಬೇರೆ ಸಾಕ್ಷಿ ಬೇಡ ಎಂದರು. ಜೂನ್ 5ರಿಂದ ಹೊಸ ಪತ್ರದ ದಿನದವರೆಗೆ ನಾವು ಮಾಲೀಕರ ಒಪ್ಪಿಗೆಯಿಂದಲೇ ಮನೆಯಲ್ಲಿ ಮುಂದುವರಿದಿದ್ದೇವೆ ಎಂಬ ಮಾತನ್ನೂ ಸೇರಿಸಿದರು. ಅವಧಿ ಮುಗಿದ ದಿನ ಏಳು ಲಕ್ಷವನ್ನೂ ಕೊಟ್ಟ ಮೇಲೆಯೇ ಬೀಗದ ಕೈ ಕೇಳತಕ್ಕದ್ದು ಎಂಬ ಷರತ್ತಿಗೆ ಮಾಲೀಕರು ಮೊದಲು ಮುಖ ಸಿಂಡರಿಸಿದರು. ಮಾಲೀಕರಿಗೂ ನ್ಯಾಯ ಸಿಗಲೆಂದು, ಅವರು ಹಣ ಸಿದ್ಧವೆಂದು ಲಿಖಿತವಾಗಿ ತಿಳಿಸಿದ ಮೇಲೂ ನಾವು ಮನೆ ಬಿಡದಿದ್ದರೆ ದಿನವೊಂದಕ್ಕೆ ಇಷ್ಟು ಎಂದು ಕೊಡಬೇಕಾದ ಷರತ್ತನ್ನು ಅದರ ಪಕ್ಕದಲ್ಲೇ ಬರೆದರು. ಇಬ್ಬರ ಕೆಲಸವನ್ನೂ ಒಬ್ಬರೇ ಮಾಡುವಾಗ ಹೀಗೆ ಸಮ ತೂಗುವುದು ಸುಲಭವಲ್ಲ.

ಚಕ್ಕುಬಂದಿಯ, ಅಂದರೆ ಮನೆಯ ನಾಲ್ಕು ದಿಕ್ಕಿನ ಎಲ್ಲೆಗಳ ವಿಷಯ ಹೇಳಲೇಬೇಕು. ಹಳೆಯ ಪತ್ರದಲ್ಲಿ 'ಪೂರ್ವಕ್ಕೆ ರಸ್ತೆ' ಎಂದಿತ್ತು. ನಮ್ಮ ಮನೆಯ ಬಾಗಿಲು ಪಶ್ಚಿಮಕ್ಕಿದೆ, ಸಂಜೆ ಬಿಸಿಲು ನಡುಮನೆಯವರೆಗೆ ಬರುತ್ತದೆ, ರಸ್ತೆ ಇರುವುದೂ ಅದೇ ಕಡೆ. ನಾಲ್ಕು ವರ್ಷ ಆ ಪತ್ರವನ್ನು ಬೀರುವಿನಲ್ಲಿಟ್ಟುಕೊಂಡಿದ್ದರೂ ನಾವ್ಯಾರೂ ಗಮನಿಸಿರಲಿಲ್ಲ. ಇವರು ಕ್ರಯಪತ್ರದ ಷೆಡ್ಯೂಲನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ದಿಕ್ಕಿಗೂ ಬೆರಳಿಟ್ಟು ಓದಿಸಿದರು. ದಿಕ್ಕು ತಪ್ಪಿದ ಚಕ್ಕುಬಂದಿಯುಳ್ಳ ಪತ್ರ ಬೇರೊಬ್ಬರ ಮನೆಯನ್ನು ಹೇಳಿದಂತೆ ಎಂಬುದು ಅವರ ಮಾತು.

ಇನ್ನು ಕೊರತೆಗಳು. ಸೋಮವಾರ ಮತ್ತು ಶುಕ್ರವಾರ ಆ ಕಚೇರಿಯಲ್ಲಿ ಕೂರಲು ಜಾಗವಿರುವುದಿಲ್ಲ. ಹತ್ತು ಗಂಟೆಗೆ ಬನ್ನಿ ಎಂದವರು ನಮ್ಮ ಕಾಗದ ಕೈಗೆತ್ತಿಕೊಂಡದ್ದು ಹನ್ನೆರಡೂವರೆಗೆ. ಮೆಟ್ಟಿಲುಗಳು ಕಡಿದು, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಮೊಣಕಾಲು ನೋವಿರುವ ಮಾಲೀಕರನ್ನು ಹತ್ತಿಸಲು ನನ್ನ ಯಜಮಾನರು ಕೈಹಿಡಿಯಬೇಕಾಯಿತು. ವಯಸ್ಸಾದವರೇ ಹೆಚ್ಚಾಗಿ ಬರುವ ಕಚೇರಿಗೆ ಇದು ದೊಡ್ಡ ಲೋಪವೆಂದು ಅವರಿಗೆ ಹೇಳಿ ಬಂದಿದ್ದೇನೆ. ಮೊದಲ ಕರಡಿನಲ್ಲಿ ಅಂಕೆಯಲ್ಲಿ 7,00,000 ಎಂದು, ಅಕ್ಷರದಲ್ಲಿ ಆರು ಲಕ್ಷವೆಂದು ಬಂದಿತ್ತು. ಹಳೆಯ ಪತ್ರವನ್ನು ನಕಲು ಮಾಡುವಾಗ ಟೈಪು ಮಾಡುವ ಹುಡುಗನ ಕೈತಪ್ಪಿನಿಂದ ಆದದ್ದು. ಕರಡನ್ನು ಮನೆಗೆ ಕೊಟ್ಟು ಎರಡು ದಿನ ಓದಿ ಬನ್ನಿ ಎಂದು ಅವರೇ ಕಳಿಸಿದ್ದರಿಂದ ನಮ್ಮ ಕಣ್ಣಿಗೆ ಬಿತ್ತು, ತಕ್ಷಣ ತಿದ್ದಿದರು. ಅಲ್ಲೇ ಕೂತು ರುಜು ಹಾಕಿದ್ದರೆ ಉಳಿದುಬಿಡುತ್ತಿತ್ತು. ತಮ್ಮ ಶುಲ್ಕಕ್ಕೆ ಅವರು ತಾವಾಗಿ ರಸೀದಿ ಕೊಡುವುದಿಲ್ಲ, ಕೇಳಿದ ಮೇಲೆ ಕೊಟ್ಟರು. ಎಲ್ಲರಿಗೂ ಕೊಡುವುದು ಒಳ್ಳೆಯದು.

ಅವರ ಶುಲ್ಕ 4,000 ರೂಪಾಯಿ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಮತ್ತು ಇ.ಸಿ.ಯ ಖರ್ಚು ಬೇರೆ. ಸರ್ಕಾರಕ್ಕೆ ಹೋಗುವ ಹಣವೆಷ್ಟು, ತಮಗೆ ಬರುವುದೆಷ್ಟು ಎಂಬುದನ್ನು ಮೊದಲ ದಿನವೇ ಎರಡು ಬೇರೆ ಸಾಲಿನಲ್ಲಿ ಬರೆದು ತೋರಿಸಿದರು. ಕೊನೆಯವರೆಗೂ ಆ ಲೆಕ್ಕ ಬದಲಾಗಲಿಲ್ಲ. 'ಕಚೇರಿ ಖರ್ಚು' ಎಂಬ ಹೆಸರಿನಲ್ಲಿ ಒಂದು ಪೈಸೆಯನ್ನೂ ಕೇಳಲಿಲ್ಲ. ಷರಾ ಬರೆಸಲು ಐನೂರು ಹಿಡಿದುಕೊಂಡು ಹೋದವಳಿಗೆ ಇದು ಮೊದಲು ದುಬಾರಿಯೆನಿಸಿತು. ಏಳು ಲಕ್ಷ ರೂಪಾಯಿ ಇನ್ನೊಬ್ಬರ ಕೈಯಲ್ಲಿ ಮೂರು ವರ್ಷ ಇರುತ್ತದೆ ಎಂದು ಯೋಚಿಸಿದಾಗ ಹಾಗೆನಿಸಲಿಲ್ಲ.

ನೋಂದಣಿಯ ದಿನದ ಬಗ್ಗೆ ಹೆಚ್ಚು ಹೇಳಲು ಇಲ್ಲ. ಕಾವೇರಿ 2.0 ತಂತ್ರಾಂಶದಲ್ಲಿ ಕರಡನ್ನು ಮುಂಚೆಯೇ ಏರಿಸಿ, ಉಪನೋಂದಣಾಧಿಕಾರಿಗಳ ಪರಿಶೀಲನೆ ಮುಗಿದ ಮೇಲೆ ಶುಲ್ಕವನ್ನು ಆನ್‌ಲೈನಿನಲ್ಲೇ ಕಟ್ಟಿ ಸಮಯ ಕಾಯ್ದಿರಿಸಿದ್ದರು. ಆಷಾಢದಲ್ಲಿ ಪತ್ರ ಮಾಡಿಸುವುದೇ ಎಂದು ಮಾಲೀಕರ ಮನೆಯವರು ಹಿಂಜರಿದಾಗ, ಇದು ಹೊಸ ಮನೆಗೆ ಹೋಗುವ ಕೆಲಸವಲ್ಲ ತಾಯಿ, ಇರುವವರು ಇರುವ ಕೆಲಸ ಎಂದು ಪತ್ರಬರಹಗಾರರು ಸಮಾಧಾನ ಹೇಳಿದರು. ಗುತ್ತಿಗೆಯ ನೋಂದಾಯಿತ ಪತ್ರಕ್ಕೆ ಕೊಟ್ಟವರೂ ಪಡೆದವರೂ ಇಬ್ಬರೂ ರುಜು ಹಾಕಬೇಕಾದ್ದರಿಂದ ಮಾಲೀಕರು ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದರು. ಫೋಟೋ, ಹೆಬ್ಬೆಟ್ಟಿನ ಗುರುತು, ಇಬ್ಬರು ಸಾಕ್ಷಿಗಳ ರುಜು ಎಲ್ಲ ಮುಗಿಯಲು ನಲವತ್ತು ನಿಮಿಷ ಸಾಕಾಯಿತು. ತೀರಾ ಅಶಕ್ತರಾದವರಿದ್ದರೆ ಉಪನೋಂದಣಾಧಿಕಾರಿಗಳು ಮನೆಗೇ ಬಂದು ಹೇಳಿಕೆ ಪಡೆಯಲು ಕಾಯ್ದೆಯಲ್ಲಿ ಅವಕಾಶವಿದೆ ಎಂದು ಅಲ್ಲಿ ಕಾಯುತ್ತಿದ್ದಾಗ ತಿಳಿಯಿತು. ಅಂಥ ಹಿರಿಯರು ಮನೆಯಲ್ಲಿರುವವರು ಮೊದಲೇ ವಿಚಾರಿಸುವುದು ಒಳ್ಳೆಯದು.

ಬರೀ ಹನ್ನೊಂದು ತಿಂಗಳ ಬಾಡಿಗೆ ಕರಾರು ಬೇಕಾದವರು ಈ ಕಚೇರಿಗೆ ಹೋಗಿ ಅಷ್ಟು ಹೊತ್ತು ಕಾಯಬೇಕಾಗಿಲ್ಲ. ದೊಡ್ಡ ಮೊತ್ತಕ್ಕೆ ಭೋಗ್ಯ ಹಾಕಿಸಿಕೊಂಡವರು, ಅವಧಿ ಮುಗಿಯುತ್ತ ಬಂದವರು, ಹಳೆಯ ಪತ್ರದ ಬೆನ್ನ ಮೇಲೆ ಷರಾ ಬರೆಸಿಕೊಂಡು ನಿಶ್ಚಿಂತೆಯಾಗಿರುವವರು ಖಂಡಿತ ಹೋಗಬೇಕು. ಹೋಗುವುದಾದರೆ ಮಂಗಳವಾರ ಅಥವಾ ಬುಧವಾರ ಮಧ್ಯಾಹ್ನದ ಮೇಲೆ ಹೋಗಿ, ಅವಧಿ ಮುಗಿಯಲು ಎರಡು ತಿಂಗಳಾದರೂ ಇರುವಾಗ ಹೋಗಿ. ನಮಗೆ ಹದಿನೈದು ದಿನವಿದ್ದಾಗ ಹೋದದ್ದರಿಂದಲೇ ಆ ಒಂದು ತಿಂಗಳ ಆತಂಕ ಅನುಭವಿಸಬೇಕಾಯಿತು. ಅವರು ನಮ್ಮ ಪತ್ರದ ಜೆರಾಕ್ಸ್ ಪ್ರತಿಯ ಮೇಲ್ತುದಿಯಲ್ಲಿ ಪೆನ್ಸಿಲಿನಿಂದ 'ಜನವರಿ 2028' ಎಂದು ಬರೆದು ಕೊಟ್ಟಿದ್ದಾರೆ. ಅವಧಿ ಮುಗಿಯುವುದು ಆ ವರ್ಷದ ಜೂನ್ 30ಕ್ಕೆ. ಮುಂದುವರಿಸುವುದೋ ಬಿಡುವುದೋ ಎಂದು ಮಾಲೀಕರನ್ನು ಕೇಳಬೇಕಾದ ತಿಂಗಳು ಅದು. ಆ ಪ್ರತಿಯನ್ನು ನಾನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದೇನೆ.